ಸಾಯುವುದು ಒಂದು ಗುಚ್ಛ ಮಾತ್ರ

ಲೇಖನ ಚೆನ್ನಾಗಿದೆ. ಆದರೆ ಸೆಂಪರ್ವೈವಂ (ದಪ್ಪ ಎಲೆಗಳು ಗುಚ್ಛವಾಗಿ ಜೋಡಿಸಿಕೊಂಡಿರುವ ಪುಟ್ಟ ಗಿಡ) ಹೂ ಬಿಟ್ಟ ಮೇಲೆ ಸತ್ತುಹೋಗುತ್ತದೆ ಅಂತ ಒಂದೇ ಸಾಲಲ್ಲಿ ಮುಗಿಸಿದ್ದೀರಿ. ಅದು ಅರ್ಧ ಸತ್ಯ. ಸಾಯುವುದು ಹೂ ಬಿಟ್ಟ ಆ ಒಂದು ಎಲೆಗುಚ್ಛ ಮಾತ್ರ. ಅಷ್ಟರೊಳಗೆ ಅದು ದಾರದಂಥ ಬಳ್ಳಿ ಚಾಚಿ ಸುತ್ತಲೂ ಮರಿಗಳನ್ನು ಬಿಟ್ಟಿರುತ್ತದೆ. ಅವು ಬೇರು ಬಿಟ್ಟು ಮುಂದುವರಿಯುತ್ತವೆ. ಲ್ಯಾಟಿನ್‌ನಲ್ಲಿ ಆ ಹೆಸರಿನ ಅರ್ಥವೇ 'ಸದಾ ಬದುಕಿರುವುದು', ಅಲ್ವಾ?

ಸೆಂಪರ್ವೈವಂ ಜಾತಿಗಳಲ್ಲಿ ನನಗೆ ಜಾಸ್ತಿ ಇಷ್ಟ ಅರಾಕ್ನಾಯ್ಡಿಯಂ. ಯುರೋಪಿನ ಆಲ್ಪ್ಸ್, ಪಿರೆನೀಸ್ ಬೆಟ್ಟಗಳ ಬಂಡೆ ಸಂದಿಯ ಗಿಡ. ಹತ್ತಿರದಿಂದ ನೋಡಿ: ಪ್ರತಿ ಎಲೆಯ ತುದಿಯಿಂದ ಬಿಳಿ ಎಳೆ ಹೊರಟು ಪಕ್ಕದ ಎಲೆಯ ತುದಿಗೆ ಸೇರುತ್ತದೆ. ಜೇಡ ಬಲೆ ಕಟ್ಟಿದೆ ಅಂದ್ಕೊಂಡು ಎಷ್ಟೋ ಜನ ಕಿತ್ತು ಹಾಕುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ, ಅದು ಗಿಡದ್ದೇ ಕೂದಲು. ನಡುವಿನಿಂದ ಗುಲಾಬಿ ಬಣ್ಣದ ನಕ್ಷತ್ರದಂಥ ಹೂಗಳು ಏಳುತ್ತವೆ.

ನೀರಿನ ಲೆಕ್ಕವೂ ಚೆಂದ. ಎಲೆಯ ರಂಧ್ರಗಳನ್ನು ಹೆಚ್ಚಾಗಿ ರಾತ್ರಿ ತೆರೆದು ಇಂಗಾಲದ ಡೈಆಕ್ಸೈಡ್ ಎಳೆದುಕೊಂಡು, ಆಮ್ಲವಾಗಿ ಕೂಡಿಟ್ಟು, ಹಗಲು ಬಳಸುತ್ತದೆ. ಬಿಸಿಲಲ್ಲಿ ನೀರು ಸುಮ್ನೆ ಆವಿಯಾಗುವುದಿಲ್ಲ. ಹಿಮಕ್ಕೂ ಜಗ್ಗದ ಈ ಗಿಡ ಕೊಳೆಯುವುದು ಬೇರಲ್ಲಿ ನೀರು ನಿಂತಾಗ. ಜಲ್ಲಿ ಬೆರೆಸಿದ ಮಣ್ಣೇ ಹಾಕಿ.