18,000 ರೂಪಾಯಿಯ ಕೇಬಲ್ ಮತ್ತು ತಂಬೂರಿಯ ಶ್ರುತಿ

ಮಲ್ಲಿಕಾರ್ಜುನ ಮನ್ಸೂರರ ಗಾಯನ ಕೇಳಲು ಕುಳಿತರೆ ಮೊದಲು ಕಿವಿಗೆ ಬೀಳಬೇಕಾದದ್ದು ತಂಬೂರಿ. ನಮ್ಮ ಮನೆಯಲ್ಲಿ ಮೂರು ತಿಂಗಳಿಂದ ಅದಕ್ಕೂ ಮೊದಲು ಕೇಳಿಸುತ್ತಿದ್ದದ್ದು ಸ್ಪೀಕರಿನ ಗುಂಯ್ ಸದ್ದು. ಅಂಗಡಿಯವರು ಆಂಪ್ಲಿಫೈಯರಿನ ಪವರ್ ಕೇಬಲ್ಲನ್ನೇ ದೂರಿದರು. 18,000 ರೂಪಾಯಿಯ, ಹೆಬ್ಬೆರಳು ದಪ್ಪದ ಇನ್ನೊಂದನ್ನು ಪರೀಕ್ಷೆಗೆಂದು ಕೊಟ್ಟು, "ಹಾಡುವವರು ಎದುರಿಗೇ ಬಂದು ಕುಳಿತಂತಾಗುತ್ತದೆ ಸಾರ್" ಎಂದರು.

ಗುಂಯ್ ಸದ್ದು ಹೋಗಲಿಲ್ಲ. ಆದರೆ ಧ್ವನಿ ತಿಳಿಯಾದಂತೆ ನನಗೂ ಅನ್ನಿಸಿತು. ಆ ಅನ್ನಿಸಿಕೆಯನ್ನು ಪರೀಕ್ಷಿಸಲೇಬೇಕಿತ್ತು. ವಾಲ್ಯೂಮ್ ಮುಟ್ಟದೆ, ಅದೇ ಹಾಡಿಗೆ, ನನಗೆ ಕಾಣದಂತೆ ತಂಗಿ 16 ಸಲ ಹಳೆಯದೋ ಹೊಸದೋ ಒಂದು ಕೇಬಲ್ ಹಾಕಿಕೊಟ್ಟಳು. ಯಾವುದೆಂದು ನಾನು ಸರಿಯಾಗಿ ಹೇಳಿದ್ದು 7 ಸಲ. ನಾಣ್ಯ ಚಿಮ್ಮಿದ್ದರೂ ಹೆಚ್ಚುಕಡಿಮೆ ಅಷ್ಟೇ ಬರುತ್ತಿತ್ತು.

ಲೆಕ್ಕ ಹಾಕಿ ನೋಡಿ. ಒಂದೂವರೆ ಮೀಟರ್ ಉದ್ದದ, 1 ಚದರ ಮಿಲಿಮೀಟರ್ ತಾಮ್ರದ ಸಾಧಾರಣ ಕೇಬಲ್ಲಿನಲ್ಲಿ ಹೋಗಿ ಬರುವ ಎರಡೂ ತಂತಿಗಳ ರೋಧ ಸುಮಾರು 0.05 ಓಮ್. ಆಂಪ್ಲಿಫೈಯರ್ 1 ಆಂಪಿಯರ್ ಎಳೆದರೂ 230 ವೋಲ್ಟಿನಲ್ಲಿ ಕಳೆಯುವುದು 0.05 ವೋಲ್ಟ್. ಪಕ್ಕದ ಮನೆಯ ಪಂಪ್ ಶುರುವಾದರೆ ಇದಕ್ಕಿಂತ ಹೆಚ್ಚು ಇಳಿಯುತ್ತದೆ. ಅಲ್ಲದೆ ಈ ಕೇಬಲ್ಲಿನಲ್ಲಿ ಸಂಗೀತ ಹರಿಯುವುದೇ ಇಲ್ಲ. ಬಂದ ವಿದ್ಯುತ್ತನ್ನು ಒಳಗಿನ ಟ್ರಾನ್ಸ್‌ಫಾರ್ಮರ್ ಇಳಿಸಿ, ರೆಕ್ಟಿಫೈಯರ್ ನೇರ ವಿದ್ಯುತ್ತಾಗಿಸಿ, ಕೆಪಾಸಿಟರುಗಳು ಅದರ ಏರಿಳಿತ ತಗ್ಗಿಸುತ್ತವೆ.

ನಿಜವಾದ ದೋಷ ಇದ್ದದ್ದು ಟಿ.ವಿ. ಕೇಬಲ್ಲಿನಲ್ಲಿ. ಸೆಟ್‌ಟಾಪ್ ಬಾಕ್ಸನ್ನು ಆಂಪ್ಲಿಫೈಯರಿಗೆ ಜೋಡಿಸಿದ್ದೆವು. ಆಂಪ್ಲಿಫೈಯರಿನ ಅರ್ಥಿಂಗ್ ಮನೆಯದು, ಬೀದಿಯಿಂದ ಬರುವ ಕೇಬಲ್ಲಿನದು ಬೇರೆಲ್ಲಿಯದೋ. ಎರಡರ ನಡುವಿನ ಸಣ್ಣ ವೋಲ್ಟೇಜ್ ವ್ಯತ್ಯಾಸದಿಂದ ಸಿಗ್ನಲ್ ತಂತಿಯ ಹೊರಹೆಣಿಗೆಯಲ್ಲಿ ವಿದ್ಯುತ್ ಹರಿದು, 50 ಹರ್ಟ್ಸ್‌ ಮತ್ತು ಅದರ ಗುಣಕಗಳಲ್ಲಿ ಗುನುಗುತ್ತಿತ್ತು. ಆ ಕೇಬಲ್ ಕಿತ್ತ ಕ್ಷಣವೇ ಮನೆ ನಿಶ್ಶಬ್ದವಾಯಿತು. ಎರಡು ಅರ್ಥಿಂಗ್‌ಗಳ ನಡುವಿನ ಸಂಪರ್ಕ ತಪ್ಪಿಸುವ, ಕೆಲವು ನೂರು ರೂಪಾಯಿಯ ಐಸೋಲೇಟರ್ ಸಾಕಾಯಿತು.

ಈ ಸದ್ದಿಗೆ ಪ್ಲಗ್ಗಿನ ಅರ್ಥ್ ಪಿನ್ ತೆಗೆದುಬಿಡಿ ಎಂದು ಸಲಹೆ ಕೊಡುವವರಿದ್ದಾರೆ. ದಯವಿಟ್ಟು ಬೇಡ! ಸದ್ದು ನಿಲ್ಲಬಹುದು. ಆದರೆ ಒಳಗೆ ತಂತಿಯ ಹೊದಿಕೆ ಸವೆದ ದಿನ ಆಂಪ್ಲಿಫೈಯರಿನ ಲೋಹದ ಕವಚವೇ ಶಾಕ್ ಹೊಡೆಯುತ್ತದೆ. ಮಕ್ಕಳು ಮುಟ್ಟುವ ವಸ್ತು ಅದು.

ಕೇಬಲ್ ಸಾಕೆಟ್ಟಿನಲ್ಲಿ ಅಲುಗಾಡುತ್ತಿದ್ದರೆ, ಪಿನ್ ಸುಟ್ಟಿದ್ದರೆ ಖಂಡಿತ ಬದಲಾಯಿಸಿ, ಐಎಸ್‌ಐ ಗುರುತಿನ ಸಾಧಾರಣ ಕೇಬಲ್ ಸಾಕು. ದಪ್ಪ ಕೇಬಲ್ಲನ್ನು ನಾನು ಹಿಂದಿರುಗಿಸಿದೆ. ಉಳಿದ ಹಣದಲ್ಲಿ ಒಂದು ಪಾಲು ಬರಿಗೋಡೆಗೆ ದಪ್ಪ ಪರದೆಯಾಯಿತು. ಅದರಿಂದಾದ ವ್ಯತ್ಯಾಸವನ್ನು ತಂಗಿ ಅಡುಗೆಮನೆಯಿಂದಲೇ ಗುರುತಿಸಿದಳು.