‘ಒಳಗೆ ಹಾಕೋದು’ ಅಂದರೆ ಯಾವ ಒಳಗೆ?

2024ರ ನವೆಂಬರ್. ಕ್ಯಾಲಿಫೋರ್ನಿಯದ ಸ್ಯಾನ್ ಹೊಸೆ ಹತ್ತಿರ ರಾಜ್ಯೋತ್ಸವಕ್ಕೆ ಸೇರಿದ್ದೆವು. ಬಿಸಿಬೇಳೆಭಾತ್ ತಟ್ಟೆ ಹಿಡಿದುಕೊಂಡೇ ಸ್ನೇಹಿತರೊಬ್ಬರು ತಮ್ಮ ಮನೆಗೆ ಕಳ್ಳರು ನುಗ್ಗಿದ್ದನ್ನು ಹೇಳಿದರು. ಹಿಂಬಾಗಿಲ ಗಾಜು ಒಡೆದು ಅವರ ತಾಯಿಯ ಅವಲಕ್ಕಿ ಸರ ಒಯ್ದಿದ್ದರು. “ನಮ್ಮೂರಾಗಿದ್ದರೆ ಹಿಡಿದು ಒಳಗೆ ಹಾಕಿರೋರು” ಎಂದರು. ಅವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಆ ಮಾತು ಅವತ್ತಿನಿಂದ ನನ್ನನ್ನು ಬಿಟ್ಟಿಲ್ಲ.

ಒಳಗೆ ಹಾಕುವುದರಲ್ಲಿ ಕ್ಯಾಲಿಫೋರ್ನಿಯ ಯಾರಿಗೂ ಕಡಿಮೆ ಇರಲಿಲ್ಲ. 1993ರಲ್ಲಿ ಪೆಟಲೂಮಾದಲ್ಲಿ 12 ವರ್ಷದ ಹುಡುಗಿಯೊಬ್ಬಳನ್ನು ಮನೆಯಿಂದಲೇ ಎತ್ತಿಕೊಂಡು ಹೋಗಿ ಕೊಂದರು. ಕೊಂದವನು ಹಳೇ ಅಪರಾಧಿ. ಆ ಸಿಟ್ಟಿನಲ್ಲೇ 1994ರಲ್ಲಿ ‘ತ್ರೀ ಸ್ಟ್ರೈಕ್ಸ್’ ಕಾಯ್ದೆ ಬಂತು. ಹಿಂದೆ ಎರಡು ಗಂಭೀರ ಅಪರಾಧ ಮಾಡಿದವನು ಮೂರನೆಯದಾಗಿ ಯಾವ ಫೆಲನಿ (ರಾಜ್ಯದ ಜೈಲಿಗೆ ಹೋಗುವಂಥ ಅಪರಾಧ) ಮಾಡಿದರೂ 25 ವರ್ಷದಿಂದ ಜೀವಾವಧಿ, ಅಂದರೆ ಕನಿಷ್ಠ 25 ವರ್ಷ ಒಳಗೆ, ಆಮೇಲೂ ಬಿಡುಗಡೆ ಖಚಿತವಲ್ಲ. ಗ್ಯಾರಿ ಯೂಯಿಂಗ್ ಎಂಬಾತ ಮೂರು ಗಾಲ್ಫ್ ಕೋಲುಗಳನ್ನು ಪ್ಯಾಂಟಿನ ಕಾಲೊಳಗೆ ತೂರಿಸಿಕೊಂಡು ಕುಂಟುತ್ತ ಅಂಗಡಿಯಿಂದ ಹೊರಬಿದ್ದ. ಒಂದೊಂದರ ಬೆಲೆ 399 ಡಾಲರ್. ಅದಕ್ಕೆ 25 ವರ್ಷದಿಂದ ಜೀವಾವಧಿ. 2003ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 5–4ರಲ್ಲಿ ಅದನ್ನು ಎತ್ತಿಹಿಡಿಯಿತು. ಸುಮಾರು 80 ಸಾವಿರ ಜನರಿಗೆಂದು ಕಟ್ಟಿದ ಜೈಲುಗಳಲ್ಲಿ 2006ರ ಹೊತ್ತಿಗೆ 1.7 ಲಕ್ಷಕ್ಕೂ ಹೆಚ್ಚು ಜನ. 2011ರಲ್ಲಿ ಅದೇ ಸುಪ್ರೀಂ ಕೋರ್ಟ್ ಕೈದಿಗಳ ಸಂಖ್ಯೆ ಇಳಿಸಲೇಬೇಕೆಂದಿತು.

ಆಮೇಲೆ ಮತದಾರರೇ ಕಾನೂನು ತಿದ್ದಿದರು. 2012ರ ಪ್ರಾಪ್ 36 (ಪ್ರಾಪ್ ಅಂದರೆ ಮತದಾರರೇ ನೇರವಾಗಿ ಮತ ಹಾಕಿ ತೀರ್ಮಾನಿಸುವ ಪ್ರಸ್ತಾವ), ಮೂರನೆಯ ಅಪರಾಧವೂ ಗಂಭೀರವೇ ಆಗಿರಬೇಕು ಎಂದಿತು. ಅದರಿಂದ ಮೊದಲ ವರ್ಷ ಹೊರಬಂದ ಸಾವಿರಕ್ಕೂ ಹೆಚ್ಚು ಜನರಲ್ಲಿ ಮತ್ತೆ ಅಪರಾಧಕ್ಕೆ ಇಳಿದವರು ನೂರಕ್ಕೆ ಎರಡಕ್ಕಿಂತ ಕಡಿಮೆ. 2014ರ ಪ್ರಾಪ್ 47, 950 ಡಾಲರಿನೊಳಗಿನ ಕಳವನ್ನು ಸಣ್ಣ ಅಪರಾಧ ಮಾಡಿತು. ಅದು ಎಡವಿದ್ದು, ನನ್ನ ಪ್ರಕಾರ, ಒಂದೇ ಕಡೆ: ಸಣ್ಣ ಕಳವನ್ನೇ ಮತ್ತೆ ಮತ್ತೆ ಮಾಡಿದವನ ಲೆಕ್ಕ ಇಡುವುದನ್ನು ಅದು ಸಡಿಲ ಬಿಟ್ಟಿತು. ನಮ್ಮ ಪಕ್ಕದ ಅಂಗಡಿಯಲ್ಲಿ ಈಗ ಟೂತ್‌ಪೇಸ್ಟಿಗೂ ಗಾಜಿನ ಕಪಾಟು, ಬೀಗ. ಗುಂಡಿ ಒತ್ತಿ, ಕೀಲಿಗೊಂಚಲು ಹಿಡಿದ ಹುಡುಗಿ ಬರುವವರೆಗೆ ಕಾಯಬೇಕು. ಹಾಗಾಗಿ 2024ರಲ್ಲಿ ಇನ್ನೊಂದು ಪ್ರಾಪ್ 36 ಬಂದು ಶಿಕ್ಷೆ ಬಿಗಿಯಾಯಿತು. ಸಡಿಲಿಸಿದ 2012ರದ್ದಕ್ಕೆ ನೂರಕ್ಕೆ 69 ಮತ, ಬಿಗಿ ಮಾಡಿದ ಇದಕ್ಕೆ 68! ನಮ್ಮ ಮನೆಯಾಕೆ ಪರವಾಗಿ ಹಾಕಿದಳು, ನಾನು ವಿರುದ್ಧ. ವ್ಯಸನಿಗಳಿಗೆ ಕಡ್ಡಾಯ ಚಿಕಿತ್ಸೆ ಎಂದು ಬರೆದು, ಅದಕ್ಕೆ ಪ್ರತ್ಯೇಕ ಹಣ ಇಡದ ಕಾನೂನಿಗೆ ನನ್ನ ಕೈ ಏಳಲಿಲ್ಲ.

ಆದರೆ ಇಲ್ಲಿಯ ಜಗಳವೆಲ್ಲ ಮುಖ್ಯವಾಗಿ ತೀರ್ಪಿನ ನಂತರದ ವರ್ಷಗಳ ಬಗ್ಗೆ. ನಮ್ಮಲ್ಲಿ ‘ಒಳಗೆ ಹಾಕೋದು’ ತೀರ್ಪಿಗೆ ಮುಂಚೆಯೇ ಆಗುತ್ತದೆ. ಭಾರತದ ಜೈಲುಗಳಲ್ಲಿರುವ ನಾಲ್ವರಲ್ಲಿ ಸುಮಾರು ಮೂವರು ವಿಚಾರಣಾಧೀನರು, ತಪ್ಪಿತಸ್ಥರೆಂದು ಇನ್ನೂ ಯಾರೂ ಹೇಳದವರು.

ಅದಕ್ಕೇ 2024ರ ಜುಲೈ 1ರಂದು ಜಾರಿಗೆ ಬಂದ ಹೊಸ ಕಾನೂನುಗಳಲ್ಲಿ ಎರಡು ಕಡೆ ನನಗೆ ನಿಜಕ್ಕೂ ಖುಷಿಯಾಯಿತು. ಭಾರತೀಯ ನ್ಯಾಯ ಸಂಹಿತೆಯ ಪ್ರಕಾರ 5,000 ರೂಪಾಯಿಯೊಳಗಿನ ಕಳವಿಗೆ ಮೊದಲ ಸಲ ಶಿಕ್ಷೆಗೊಳಗಾದವನು ಮಾಲು ಮರಳಿಸಿದರೆ ಸಮುದಾಯ ಸೇವೆ. ಎರಡನೇ ಸಲಕ್ಕೆ ಕನಿಷ್ಠ ಒಂದು ವರ್ಷದ ಕಠಿಣ ಸಜೆ. ಕ್ಯಾಲಿಫೋರ್ನಿಯ ಹತ್ತು ವರ್ಷ ತಡವಾಗಿ ಬಿಗಿ ಮಾಡಿದ ಲೆಕ್ಕ ಈ ಸಂಹಿತೆಯಲ್ಲಿ ಮೊದಲಿಂದಲೇ ಇದೆ. ಯಾವ ಕೆಲಸ, ಎಷ್ಟು ಗಂಟೆ, ಹಾಜರಿ ಹಾಕುವವರು ಯಾರು ಎಂಬುದನ್ನು ಮಾತ್ರ ಸಂಹಿತೆ ಹೇಳಿಲ್ಲ. ಅದು ಬೇಗ ಆಗಬೇಕು.

ಎರಡನೆಯದು ಬಂಧನ, ಜಾಮೀನು, ವಿಚಾರಣೆಯ ಕ್ರಮ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಂ. ಮೊದಲ ಬಾರಿಯ ಆರೋಪಿ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೆ ಕಳೆದಿದ್ದರೆ ಬಾಂಡ್ ಮೇಲೆ ಬಿಡಬೇಕು. ಮರಣದಂಡನೆ, ಜೀವಾವಧಿಯ ಪ್ರಕರಣಗಳಿಗೆ ಇದು ಇಲ್ಲ. ಹಳೇ ಪ್ರಕರಣಗಳಿಗೂ ಅನ್ವಯವೆಂದು ಭಾರತದ ಸುಪ್ರೀಂ ಕೋರ್ಟ್ ಅದೇ ವರ್ಷದ ಆಗಸ್ಟ್‌ನಲ್ಲಿ ಹೇಳಿತು. ಈ ಕಲಮಿನಲ್ಲಿ ಬಾಂಡ್ ಎಂದರೆ ಸ್ವಂತ ಮುಚ್ಚಳಿಕೆ, ಶ್ಯೂರಿಟಿ (ಹೊಣೆ ನಿಲ್ಲುವವರು) ಬೇಡ. ತುಮಕೂರಿನಲ್ಲಿ ವಕೀಲನಾಗಿರುವ ನನ್ನ ಚಿಕ್ಕಪ್ಪನ ಮಗ ಫೋನಿನಲ್ಲಿ ಇದನ್ನೇ ಎರಡು ಸಲ ಒತ್ತಿ ಹೇಳಿದ. ಜಾಮೀನು ಸಿಕ್ಕ ಮೇಲೂ ಶ್ಯೂರಿಟಿ ಇಲ್ಲದೆ ಒಳಗೇ ಉಳಿಯುವವರನ್ನು ಅವನು ದಿನಾ ನೋಡುತ್ತಾನೆ.

ಒಂದು ಮುಳ್ಳು ಇದೆ. ಒಬ್ಬನ ಮೇಲೆ ಒಂದಕ್ಕಿಂತ ಹೆಚ್ಚು ಪ್ರಕರಣ ಬಾಕಿಯಿದ್ದರೆ ಈ ಕಲಂ ಅವನಿಗಿಲ್ಲ ಎನ್ನುತ್ತದೆ ಇದರದೇ ಒಂದು ಉಪಕಲಂ. ಹನ್ನೆರಡು ಸಾವಿರದ ಮೊಬೈಲ್ ಕದ್ದ ಆರೋಪದ ಮೇಲೆ ಒಬ್ಬ ಹುಡುಗ ಒಳಗಿದ್ದಾನೆ ಅಂದುಕೊಳ್ಳಿ. ಗರಿಷ್ಠ ಶಿಕ್ಷೆ ಮೂರು ವರ್ಷ, ಒಂದು ವರ್ಷಕ್ಕೆ ಹೊರಬರಬೇಕು. ಅವನ ಮೇಲೆ ಸಾಬೀತಾಗದ ಇನ್ನೊಂದು ಕೇಸು ಬಿದ್ದರೆ ಆ ದಾರಿ ಮುಚ್ಚಿತು. ತ್ರೀ ಸ್ಟ್ರೈಕ್ಸ್ ಕೂಡ ಎಣಿಸಿದ್ದು ಸಾಬೀತಾದ ಅಪರಾಧಗಳನ್ನು. ನಾವು ಬರೀ ಆರೋಪವನ್ನು ಎಣಿಸುತ್ತಿದ್ದೇವೆ. ಆ ಉಪಕಲಂ ಹೋಗಬೇಕು. ಹೋಗುವವರೆಗೆ ಆ ಹುಡುಗ ಮಾಮೂಲಿ ಜಾಮೀನಿಗೇ ಅಲೆಯಬೇಕು, ಅದಕ್ಕೆ ಶ್ಯೂರಿಟಿ ಬೇಕು, ಶ್ಯೂರಿಟಿ ಕೊಡುವವನ ಕೈಯಲ್ಲಿ ಪಹಣಿ ಇರಬೇಕು. ರಾಯಚೂರಿಂದ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಬಂದವನ ಮಗನಿಗಾಗಿ ಪಹಣಿ ಹಿಡಿದು ಕೋರ್ಟಿಗೆ ಬರುವವರು ಯಾರು?