ಪಾವಗಡವೂ ಬೆಂಗಳೂರೇ ಸ್ವಾಮಿ!

ರಾಮನಗರ ಬೆಂಗಳೂರು ದಕ್ಷಿಣವಾಯಿತು. ತುಮಕೂರನ್ನೂ ಬೆಂಗಳೂರು ಉತ್ತರ ಮಾಡಿಬಿಡೋಣ ಎಂಬ ಮಾತು ಎದ್ದು, ಕ್ಯಾತ್ಸಂದ್ರದ ತಟ್ಟೆ ಇಡ್ಲಿಗೆ ಹೊಸ ಬೋರ್ಡು ಬರೆಸುವಷ್ಟರಲ್ಲಿ, 2025ರ ಜುಲೈನಲ್ಲಿ ನಂದಿಬೆಟ್ಟ ಹತ್ತಿ ಕೂತ ಸಂಪುಟ ಆ ಹೆಸರನ್ನು ಬೆಂಗಳೂರು ಗ್ರಾಮಾಂತರಕ್ಕೆ ಕೊಟ್ಟುಬಿಟ್ಟಿತು. ಮುಹೂರ್ತ ತಪ್ಪಿತು ನೋಡಿ. ಇಲ್ಲದಿದ್ದರೆ ಹೆಚ್ಚೂಕಮ್ಮಿ ಸುತ್ತಲೂ ಆಂಧ್ರವೇ ಇರುವ, ತುಮಕೂರು ಜಿಲ್ಲೆಯ ಪಾವಗಡದ ಕಡ್ಲೆಕಾಯಿ ಬೆಳೆಗಾರನೂ ಇವತ್ತು ಬೆಂಗಳೂರಿನವನು.

ಈ ವಿದ್ಯೆಗೆ ದಿಲ್ಲಿಯೇ ಗುರು. ಅಸಲಿ ದಿಲ್ಲಿ 1,483 ಚದರ ಕಿ.ಮೀ. 1985ರ ಕಾಯ್ದೆಯಲ್ಲಿ ಹುಟ್ಟಿದ 'ರಾಷ್ಟ್ರ ರಾಜಧಾನಿ ಪ್ರದೇಶ' ಮೈ ಬಿಡುತ್ತ ಬಿಡುತ್ತ 55 ಸಾವಿರ ಚದರ ಕಿ.ಮೀ. ದಾಟಿದೆ. ಹರಿಯಾಣದ ಕರ್ನಾಲ್, ರಾಜಸ್ಥಾನದ ಭರತ್‌ಪುರ ಎಲ್ಲ ಅದರ ಹೊಟ್ಟೆಯೊಳಗೆ. ಅಳತೆಯೇ ಯೋಗ್ಯತೆಯಾದರೆ ತುಮಕೂರು ಜಿಲ್ಲೆ 10,597 ಚದರ ಕಿ.ಮೀ. ಏಳು ದಿಲ್ಲಿ ಹಾಸಿದರೂ ದನ ಮೇಯಿಸಲು ಜಾಗ ಮಿಗುತ್ತದೆ. ನ್ಯಾಯವಾಗಿ ದಿಲ್ಲಿಗೇ 'ತುಮಕೂರು ಉತ್ತರ' ಎಂದು ಹೆಸರಿಡಬೇಕು.

ಆ ಹೊಸ ದಿಲ್ಲಿಯ ಅಡಿಗಲ್ಲೂ ಒಂದು ಕಡೆ ನಿಂತಿದ್ದಲ್ಲ. 1911ರ ಡಿಸೆಂಬರ್ 15ರಂದು ಐದನೇ ಜಾರ್ಜ್ ದರ್ಬಾರಿನ ಬಯಲಲ್ಲಿ ಕಲ್ಲು ಹಾಕಿ ಹೋದ. ಆಮೇಲೆ ನೋಡಿದರೆ ಅದು ಯಮುನೆ ನುಗ್ಗುವ ತಗ್ಗು. ಕಲ್ಲು ಕಿತ್ತು ರೈಸಿನಾ ಗುಡ್ಡದ ಕಡೆ ಸಾಗಿಸಿದರು. 1931ರಲ್ಲಿ ಉದ್ಘಾಟನೆ, ಹದಿನಾರೇ ವರ್ಷಕ್ಕೆ ಕಟ್ಟಿಸಿದವರೇ ಗಂಟುಮೂಟೆ ಕಟ್ಟಿದರು. ನಮ್ಮಲ್ಲಿ ಅಡಿಗಲ್ಲು ಅಲ್ಲಾಡುವುದಿಲ್ಲ. ಕಟ್ಟಡ ಏಳುವುದಿಲ್ಲ, ಅಷ್ಟೆ.

ರಾಜಧಾನಿಯ ನೆಂಟಸ್ತನದಲ್ಲಿ ಲಾಭ ಸೈಟು ಮಾರುವವರಿಗೆ. ದಿಲ್ಲಿಯ ಹೊಗೆ ತಡೆಯಲು ಹತ್ತು ವರ್ಷ ದಾಟಿದ ಡೀಸೆಲ್ ಗಾಡಿ ನಿಲ್ಲಿಸಿ ಎಂದು 2015ರಲ್ಲಿ ಹಸಿರು ನ್ಯಾಯಮಂಡಳಿ ಹೇಳಿದ ಮೇಲೆ, ದೂರದ ಜಿಲ್ಲೆಗಳ ಗಾಡಿಗಳೂ ಆ ಲೆಕ್ಕಕ್ಕೆ ಬಂದವು. ಕೊನೆಗೆ ಹರಿಯಾಣ ಸರ್ಕಾರವೇ ಕರ್ನಾಲ್ ಮುಂತಾದವನ್ನು ರಾಜಧಾನಿ ಪ್ರದೇಶದಿಂದ ಬಿಟ್ಟುಬಿಡಿ ಎಂದು ಕೇಳಿಕೊಂಡಿತು.

ಕೋಲಾರಕ್ಕಂತೂ ಹೆಸರು ಬದಲಿಸದೆಯೇ ಬೆಂಗಳೂರು ಒಲಿದಿದೆ. 2018ರಿಂದ ರಾಜಧಾನಿಯ ಬಚ್ಚಲು, ಕಕ್ಕಸಿನ ನೀರು ಎರಡು ಹಂತ ಸಂಸ್ಕರಣೆಯಾಗಿ, ಕೆ.ಸಿ. ವ್ಯಾಲಿ (ಕೋರಮಂಗಲ–ಚಲ್ಲಘಟ್ಟ ಕಣಿವೆ) ಯೋಜನೆಯ ಪೈಪಿನಲ್ಲಿ ಲಕ್ಷ್ಮೀಸಾಗರ ಕೆರೆಗೆ ಬಿದ್ದು, ಕೋಡಿ ಹರಿದು ಮುಂದಿನ ಕೆರೆಗೆ ಇಳಿಯುತ್ತಿದೆ. ಮೊದಲ ವರ್ಷವೇ ನೊರೆ ಎದ್ದು ಬೆಂಗಳೂರಿನ ಕೆರೆಯಾಗುವ ಪೂರ್ವಾಭ್ಯಾಸವೂ ಆಯಿತು. ಅಂತರ್ಜಲ ಮೇಲೆ ಬಂದದ್ದು ನಿಜ, ಸುಳ್ಳೇಕೆ ಹೇಳಲಿ. ಆದರೆ ಎರಡನೇ ಹಂತ ಮುಖ್ಯವಾಗಿ ತೆಗೆಯುವುದು ಕೊಳೆಯುವ ಕಲ್ಮಶವನ್ನು. ಉಳಿದ ನೈಟ್ರೇಟು, ರಂಜಕ, ಭಾರಲೋಹ ಬಿಡಿಸಲು ಮೂರನೇ ಹಂತ ಬೇಕು. ಸಾವಿರ ಅಡಿ ಕೊರೆದು ಬರಿ ಧೂಳು ಕಂಡ ಜಿಲ್ಲೆ ಕೇಳುತ್ತಿರುವುದು ಅದೊಂದನ್ನೇ. ಕೆರೆಯಿಂದ ಇಂಗಿದ್ದೇ ಬೋರ್‌ವೆಲ್ಲಿಗೆ ಬರುತ್ತದೆ, ಬೋರ್‌ವೆಲ್ಲಿನದ್ದೇ ಕೊಡಕ್ಕೆ ಬರುತ್ತದೆ ಕಣ್ರೀ. ಇದನ್ನು ಇನ್ನೆಷ್ಟು ವರ್ಷ ಹೇಳಬೇಕು?